ಕಣ್ಕಟ್ಟಿನ ವಿದ್ಯೆ

ಯಾವುದೇ ಮತವನ್ನು ಖಂಡಿಸಲು ಹೊರಟವನು ಮೊದಲು ಆ ಮತವನ್ನು ಅದರ ಪ್ರತಿಪಾದಕರೇ ತಲೆದೂಗುವಂತೆ ನಿರೂಪಿಸಬೇಕೆಂಬುದು ನಮ್ಮ ಶಾಸ್ತ್ರಕಾರರು ಪಾಲಿಸಿಕೊಂಡು ಬಂದ ಮರ್ಯಾದೆ. ಪೂರ್ವಪಕ್ಷವನ್ನು ಸೊರಗಿಸಿ ಪಡೆದ ಜಯವನ್ನು ಅವರು ಜಯವೆಂದು ಎಣಿಸುತ್ತಿರಲಿಲ್ಲ. ಆ ಮರ್ಯಾದೆಗೆ ತಲೆಬಾಗಿ, ಇಂದು ವಿಶ್ವವಿದ್ಯಾಲಯಗಳ ಕಾರ್ಯಾಗಾರಗಳಲ್ಲಿಯೂ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಯ ಆಗಮನಕ್ಕೆ ಸಿದ್ಧತೆ ನಡೆಸುವ ಪ್ರಾಧ್ಯಾಪಕರ ಸಭೆಗಳಲ್ಲಿಯೂ, ಯಂತ್ರಗಳನ್ನು ಮಾರಲು ಬರುವ ಕಂಪನಿಗಳ ಬಣ್ಣದ ಕರಪತ್ರಗಳಲ್ಲಿಯೂ ಏಕಕಂಠದಿಂದ ಕೇಳಿಬರುತ್ತಿರುವ ಮತವನ್ನು ಇಲ್ಲಿ ಸಂಗ್ರಹಿಸುತ್ತೇನೆ. ಇಂದಿನ ವಿದ್ಯಾರ್ಥಿ ಮೊಬೈಲಿನ ಬೆಳಕಿನಲ್ಲಿ ಬೆಳೆದವನು; ಕರಿಹಲಗೆಯ ಮೇಲಿನ ಸುಣ್ಣದ ಗೆರೆಗಳಲ್ಲಿ ಅವನ ಚಿತ್ತ ನಿಲ್ಲದು; ಅದು ಅವನ ಅಪರಾಧವಲ್ಲ, ನಮ್ಮ ಸಾಧನಗಳು ಜೀರ್ಣವಾಗಿವೆ. ಅವನ ಕಣ್ಣಿಗೆ ಹೆಡ್‌ಸೆಟ್ ತೊಡಿಸಿರಿ. ಹೃದಯದ ಕವಾಟಗಳ ನಡುವೆ ಅವನು ನಡೆದಾಡಲಿ, ವಿಜಯನಗರದ ಬೀದಿಯಲ್ಲಿ ನಿಲ್ಲಲಿ, ಪರಮಾಣುವಿನ ಗರ್ಭವನ್ನು ಹೊಕ್ಕು ಬರಲಿ. ಇಲ್ಲವೆ ಕೈಯಲ್ಲಿರುವ ಮೊಬೈಲನ್ನೇ ಪಠ್ಯದ ಚಿತ್ರದ ಮೇಲೆ ಹಿಡಿದು, ಎಲುಬಿನ ಹಂದರವೊಂದು ಮೇಜಿನ ಮೇಲೆ ಎದ್ದು ನಿಲ್ಲುವುದನ್ನು ಕಾಣಲಿ. ಮೊದಲನೆಯದು ವರ್ಚುವಲ್ ರಿಯಾಲಿಟಿ, ಎರಡನೆಯದು ಆಗ್ಮೆಂಟೆಡ್ ರಿಯಾಲಿಟಿ. ಎರಡರಿಂದಲೂ ಪಾಠವು ಅನುಭವವಾಗುತ್ತದೆ, ಅನುಭವಕ್ಕೆ ಬಂದುದು ಮರೆತುಹೋಗದು. ಪ್ರಯೋಗಶಾಲೆಯಿಲ್ಲದ ಹಳ್ಳಿಯ ಕಾಲೇಜು ಇದರಿಂದ ಪುಣೆ, ಮುಂಬಯಿಗಳ ಕಾಲೇಜಿಗೆ ಸರಿದೊರೆಯಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಚುವಲ್ ಪ್ರಯೋಗಶಾಲೆಗಳನ್ನು ಎತ್ತಿಹಿಡಿದಿದೆ. ಕರ್ನಾಟಕ ಸರಕಾರ 2024ರಿಂದ 2029ರವರೆಗಿನ ಅವಧಿಗೆ ಆನಿಮೇಷನ್, ಗೇಮಿಂಗ್ ಮೊದಲ್ಗೊಂಡು ಈ ಬಗೆಯ ತಂತ್ರಗಳಿಗಾಗಿಯೇ ಎ.ವಿ.ಜಿ.ಸಿ.-ಎಕ್ಸ್.ಆರ್. ನೀತಿಯೊಂದನ್ನು ಹೊರಡಿಸಿದೆ. ಕಾಲದ ಗತಿ ಹೀಗಿರಲು ಹಿಂದೆ ಉಳಿಯುವುದು ಅವಿವೇಕ.

ಇದು ಪೂರ್ವಪಕ್ಷ. ಇದರಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳೆನು. ಅದೆಷ್ಟೆಂಬುದನ್ನು ಮುಂದೆ ಒಪ್ಪಿಕೊಳ್ಳಲಿದ್ದೇನೆ. ಆದರೆ ಈ ಮತದ ಸಮಸ್ತ ಭಾರವೂ, ವಿದ್ಯಾರ್ಥಿಯ ಚಿತ್ತ ಪಾಠದಲ್ಲಿ ನಿಲ್ಲದಿರುವುದಕ್ಕೆ ನೋಟದ ಕೊರತೆಯೇ ಕಾರಣವೆಂದೂ, ನೋಟವನ್ನು ಒದಗಿಸಿದೊಡನೆ ಚಿತ್ತ ನಿಲ್ಲುವುದೆಂದೂ, ಚಿತ್ತ ನಿಂತೊಡನೆ ವಿದ್ಯೆ ಹತ್ತುವುದೆಂದೂ ಒಂದರ ಹಿಂದೊಂದು ಜೋಡಿಸಿದ ಊಹೆಗಳ ಮೇಲೆ ನಿಂತಿದೆ. ಆ ಊಹೆಗಳನ್ನು ಮುಟ್ಟಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಮಹಾನಗರಗಳ ಮಾತು ಬೇಡ. ಯಾವ ಹಳ್ಳಿಗಾಡಿನ ಹಿತವನ್ನು ಮುಂದಿಟ್ಟುಕೊಂಡು ಈ ವಾದವನ್ನು ಹೂಡಲಾಗುತ್ತಿದೆಯೋ ಅಂತಹ ಸೀಮೆಯೊಂದರಲ್ಲಿ ನಿಂತೇ ಅವನ್ನು ಪರೀಕ್ಷಿಸುವುದು ನ್ಯಾಯ. ನಾನು ಆರಿಸಿಕೊಂಡದ್ದು ಆಜರಾ.

ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ನೈರುತ್ಯ ಭಾಗದಲ್ಲಿ, ಸಹ್ಯಾದ್ರಿಗೆ ಒರಗಿಕೊಂಡಂತಿರುವ ತಾಲೂಕು ಇದು. ಗೋಡಂಬಿಯ ತೋಪುಗಳೂ, 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಘನಸಾಳವೆಂಬ ಪರಿಮಳದ ಅಕ್ಕಿಯೂ ಇದರ ಹೆಸರನ್ನು ಹೊರಗಿನವರಿಗೆ ಮುಟ್ಟಿಸಿವೆ. ಆಂಬೋಲಿಯ ಬಳಿ ಹುಟ್ಟುವ ಹಿರಣ್ಯಕೇಶಿ ಈ ತಾಲೂಕನ್ನು ಹಾಯ್ದು, ಗಡಹಿಂಗ್ಲಜವನ್ನು ದಾಟಿ, ಸಂಕೇಶ್ವರದ ಮಗ್ಗುಲಿನಿಂದ ಮುಂದುವರಿದು ಘಟಪ್ರಭೆಯನ್ನು ಕೂಡುತ್ತದೆ. ಹೊಳೆಯ ಓಟದೊಡನೆ ಮಾತೂ ಬಣ್ಣ ಬದಲಿಸುತ್ತ ಹೋಗಿ, ಗಡಹಿಂಗ್ಲಜದ ಪೂರ್ವದ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ ಎಂಬ ಸ್ಥಿತಿ ಏರ್ಪಡುತ್ತದೆ. ಇಂತಹ ಹಳ್ಳಿಯೊಂದರಿಂದ ಬಿ.ಎಸ್ಸಿ. ತರಗತಿಗೆ ಬರುವ ಹುಡುಗಿಯ ದಿನಚರಿಯನ್ನು ತುಸು ನೋಡಿರಿ. ನಸುಕಿನಲ್ಲಿ ದನದ ಕೊಟ್ಟಿಗೆಯ ಕೆಲಸ ಮುಗಿಸಿ, ಎಸ್.ಟಿ. ಬಸ್ಸು ಬಂದರೆ ಅದನ್ನು ಹತ್ತಿ, ಬಾರದಿದ್ದರೆ ಮೊದಲ ತಾಸನ್ನು ಕಳೆದುಕೊಂಡು ಅವಳು ಕಾಲೇಜು ಸೇರುತ್ತಾಳೆ. ಶ್ರಾವಣದ ಮಳೆಗೆ, ಹೊಳೆಗೆ ಅಡ್ಡ ಕಟ್ಟಿದ ಬಂಧಾರೆಗಳು ಮುಳುಗಿ ದಾರಿ ಕಡಿಯಿತೆಂದರೆ ಕೆಲವು ದಿನ ಕಾಲೇಜೇ ಇಲ್ಲ. ಅಲ್ಲಿ ಪಾಠ ಹೇಳುವವರಾದರೂ ಬಹುಮಟ್ಟಿಗೆ ಸಿ.ಎಚ್.ಬಿ. ಪ್ರಾಧ್ಯಾಪಕರು, ಎಂದರೆ ತಾಸಿಗೆ ಇಷ್ಟೆಂದು ಸಂಭಾವನೆ ಪಡೆಯುವವರು. ಕಾಯಂ ಹುದ್ದೆಗಳು ವರ್ಷಾನುವರ್ಷ ಖಾಲಿ ಬಿದ್ದಿರುವುದರಿಂದ ಒಂದು ಕಾಲೇಜಿನ ತಾಸು ಮುಗಿದೊಡನೆ ಮತ್ತೊಂದು ಊರಿನ ತಾಸಿಗೆ ಮೋಟಾರ್ ಸೈಕಲ್ ಏರಿ ಹೊರಡಬೇಕಾದವರು. ಪಾಠದಲ್ಲಿ ಒಂದು ಸಂಶಯ ಹುಟ್ಟಿದರೆ ಅದನ್ನು ಕೇಳಲು ತರಗತಿಯ ಹೊರಗೆ ಅವರು ಸಿಕ್ಕುವುದಿಲ್ಲ. ಟಿಪ್ಪಣಿ ಮರಾಠಿಯಲ್ಲಿ, ಆಕರ ಗ್ರಂಥ ಇಂಗ್ಲಿಷಿನಲ್ಲಿ, ಸಂಶಯ ಕನ್ನಡದಲ್ಲಿ. ಇವಳ ಚಿತ್ತ ಚದುರಿದೆಯೆಂದು ವರದಿ ಬರೆದು, ಚಿಕಿತ್ಸೆಗೆಂದು ಇಂಗ್ಲಿಷಿನಲ್ಲಿ ಮಾತನಾಡುವ ಪೆಟ್ಟಿಗೆಯೊಂದನ್ನು ಇವಳ ಕಣ್ಣಿಗೆ ಬಿಗಿಯುವವರ ರೋಗನಿದಾನವನ್ನು ಏನೆಂದು ಕರೆಯೋಣ? ಅದೂ ತರಗತಿಗೆ ಒಂದೇ ಪೆಟ್ಟಿಗೆ: ಅರುವತ್ತು ಮಂದಿ ತಲಾ ಮೂರು ನಿಮಿಷ ನೋಡಬೇಕೆಂದರೆ ಮೂರು ತಾಸು ಬೇಕು, ಒಬ್ಬಳು ನೋಡುವಾಗ ಐವತ್ತೊಂಬತ್ತು ಮಂದಿ ಅವಳ ಬೆರಗನ್ನು ನೋಡುತ್ತ ಕುಳಿತಿರಬೇಕು. ಕೆಲವರಿಗೆ ಅಷ್ಟರಲ್ಲೇ ತಲೆಸುತ್ತು ಬರುವುದೂ ಉಂಟು. ಕಣ್ಣು ಚಲನೆಯನ್ನು ಕಾಣುತ್ತದೆ, ಒಳಗಿವಿ ಅದನ್ನು ಒಪ್ಪುವುದಿಲ್ಲ.

ಒಳ್ಳೆಯದು, ಬಡತನದ ಮಾತು ಬಿಡಿ, ಪ್ರತಿಯೊಬ್ಬರಿಗೂ ಒಂದೊಂದು ಪೆಟ್ಟಿಗೆ ದೊರೆಯಿತೆಂದು ಭಾವಿಸೋಣ ಎಂದಾರು. ಭಾವಿಸೋಣ. ಅಂತಹ ಸಂಪನ್ನ ಸ್ಥಿತಿಯಲ್ಲಿಯೇ ನಡೆದ ಪರೀಕ್ಷೆಗಳು ಲೋಕದಲ್ಲಿವೆ. 2018ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯ ಪಾರಾಂಗ್ ಮತ್ತು ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ರಕ್ತಕಣಗಳ ಪಾಠವನ್ನು ಒಂದು ಗುಂಪಿಗೆ ಹೆಡ್‌ಸೆಟ್ಟಿನೊಳಗೆ ರಕ್ತನಾಳದಲ್ಲಿ ತೇಲಾಡಿಸಿ ತೋರಿಸಿದರು. ಇನ್ನೊಂದಕ್ಕೆ ಅದೇ ಪಾಠವನ್ನು ಕಂಪ್ಯೂಟರಿನ ಪರದೆಯ ಮೇಲೆ ಸ್ಲೈಡುಗಳಾಗಿ ಕೊಟ್ಟು ತಮ್ಮ ನಡೆಯಲ್ಲಿ ಓದಿಕೊಳ್ಳಬಿಟ್ಟರು. ಆನಂದವಾಯಿತೇ, ಆಸಕ್ತಿ ಹುಟ್ಟಿತೇ, ಮನಸ್ಸು ಮುಳುಗಿತೇ ಎಂದು ಕೇಳಿದಾಗ ಮೊದಲ ಗುಂಪು ಹೆಚ್ಚು ಅಂಕ ಕೊಟ್ಟಿತು. ಪಾಠದ ಮೇಲೆ ಪ್ರಶ್ನೆ ಕೇಳಿದಾಗ ಸ್ಲೈಡು ಓದಿದವರೇ ಹೆಚ್ಚು ಅಂಕ ಪಡೆದರು. ಮರುವರ್ಷ ಡೆನ್ಮಾರ್ಕಿನ ಮಕ್ರಾನ್ಸ್ಕಿ ಮತ್ತು ಸಂಗಡಿಗರು, ಇದೇ ಮೇಯರರನ್ನು ಕೂಡಿಕೊಂಡು, ವಿಜ್ಞಾನದ ಪ್ರಯೋಗಶಾಲೆಯ ಅನುಕರಣವೊಂದನ್ನು ಕಂಪ್ಯೂಟರಿನಲ್ಲಿಯೂ ಹೆಡ್‌ಸೆಟ್ಟಿನಲ್ಲಿಯೂ ತೋರಿಸಿ, ವಿದ್ಯಾರ್ಥಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ಅಳೆದು ಕಂಡದ್ದೂ ಹೀಗೆಯೇ: ತಾನು ಅಲ್ಲಿಯೇ ಇರುವೆನೆಂಬ ಭಾವ ಹೆಚ್ಚಿತು, ಮಿದುಳಿನ ಮೇಲೆ ಭಾರ ಹೆಚ್ಚಿತು, ಕಲಿತದ್ದು ಕಡಿಮೆಯಾಯಿತು. ಬೇರೆ ಫಲ ತೋರಿದ ಅಧ್ಯಯನಗಳೂ ಇಲ್ಲದಿಲ್ಲ. ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದವರು ಅಲ್ಪ ಲಾಭವುಂಟೆಂದು ಹೇಳಿಯೂ ಇದ್ದಾರೆ. ಆದರೆ ಮಾರಾಟಗಾರನ ಕರಪತ್ರದಲ್ಲಿರುವುದು ಅಲ್ಪ ಲಾಭದ ಮಾತಲ್ಲ, ಯುಗಪರಿವರ್ತನೆಯ ಮಾತು. ಪಾರಾಂಗ್ ಮತ್ತು ಮೇಯರರ ಬರಹದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ನಮ್ಮ ಕಾರ್ಯಾಗಾರಗಳಲ್ಲಿ ಯಾರೂ ಉದ್ಧರಿಸುವುದಿಲ್ಲ. ಹೆಡ್‌ಸೆಟ್ಟಿನ ಪಾಠವನ್ನು ಅಲ್ಲಲ್ಲಿ ನಿಲ್ಲಿಸಿ, ಇದುವರೆಗೆ ಕಂಡದ್ದರ ಸಾರವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ ಎಂದಾಗ ಕಲಿಕೆ ಸುಧಾರಿಸಿತು. ಎಂದರೆ ಸುಧಾರಿಸಿದ್ದು ಪೆಟ್ಟಿಗೆಯಿಂದ ಹೊರಬಂದ ನಿಮಿಷಗಳಲ್ಲಿ. ಬೆರಗು ನಿಂತು, ಕೈಗೆ ಲೇಖನಿ ಬಂದಾಗ. ಲೇಖನಿಗೆ ಟೆಂಡರ್ ಕರೆಯಬೇಕಾಗಿಲ್ಲವಾದ್ದರಿಂದಲೋ ಏನೋ ಆ ಭಾಗ ಪ್ರಚಾರಕ್ಕೆ ಬರಲಿಲ್ಲ. 1983ರಷ್ಟು ಹಿಂದೆಯೇ ರಿಚರ್ಡ್ ಕ್ಲಾರ್ಕ್ ಎಂಬ ಅಮೆರಿಕದ ವಿದ್ವಾಂಸ, ಪಾಠವನ್ನು ಹೊತ್ತು ತರುವ ಮಾಧ್ಯಮವು ದಿನಸಿಯನ್ನು ಹೊತ್ತು ತರುವ ಲಾರಿಯಂತೆ, ಉಣ್ಣುವವನ ಪುಷ್ಟಿಗೆ ಲಾರಿ ಕಾರಣವಲ್ಲ ಎಂಬರ್ಥದ ಮಾತನ್ನು ಹೇಳಿ, ಲಾರಿ ಮಾರುವವರೆಲ್ಲರ ಕೋಪಕ್ಕೆ ಗುರಿಯಾಗಿದ್ದ.

ಚಿತ್ತವನ್ನು ಸೆಳೆಯುವುದು ಒಂದು, ಚಿತ್ತವನ್ನು ದುಡಿಸುವುದು ಮತ್ತೊಂದು. ಜಾತ್ರೆ, ಸಿನಿಮಾ, ಮೊಬೈಲು ಇವು ಮೊದಲನೆಯದನ್ನು ಮಾಡಬಲ್ಲವು, ಮತ್ತು ಕಾಲೇಜಿಗಿಂತ ಎಂದೆಂದಿಗೂ ಚೆನ್ನಾಗಿಯೇ ಮಾಡುವವು. ಆ ಪಂದ್ಯಕ್ಕೆ ಇಳಿದ ಕಾಲೇಜು ಸೋಲುವುದು ನಿಶ್ಚಯ. ಎರಡನೆಯದಕ್ಕೆ ನೋಟದ ಸಮೃದ್ಧಿಗಿಂತ ಅನೇಕ ವೇಳೆ ನೋಟದ ಮಿತಿಯೇ ಸಹಾಯಕ. ಈ ಆಜರೆಯಲ್ಲಿಯೇ 1940ರಲ್ಲಿ ಹುಟ್ಟಿದ ಶಿವಾಜಿ ಸಾವಂತರು ಕೊಲ್ಲಾಪುರದಲ್ಲಿ ಶಾಲಾ ಶಿಕ್ಷಕರಾಗಿದ್ದ ಕಾಲದಲ್ಲಿ ಬರೆದು, 1967ರಲ್ಲಿ ಪ್ರಕಟವಾದ ‘ಮೃತ್ಯುಂಜಯ’ವನ್ನು ಮರಾಠಿಯಲ್ಲಿಯೂ, ಅನುವಾದದ ಮೂಲಕ ಕನ್ನಡದಲ್ಲಿಯೂ ಓದಿದವರೆಷ್ಟು ಮಂದಿ! ಅವರಲ್ಲಿ ಯಾರಿಗೂ ಕರ್ಣನ ಮುಖವನ್ನು ಯಾರೂ ತೋರಿಸಲಿಲ್ಲ. ಕಾಗದದ ಮೇಲಿನ ಕರಿಯ ಅಕ್ಷರಗಳಿಂದ ಪ್ರತಿಯೊಬ್ಬ ಓದುಗನೂ ತನ್ನದೇ ಕುರುಕ್ಷೇತ್ರವನ್ನು ಕಟ್ಟಿಕೊಳ್ಳಬೇಕಾಯಿತು. ಕಟ್ಟಿಕೊಂಡುದರಿಂದಲೇ ಅದು ಅವನದಾಯಿತು. ರೇಖಾಗಣಿತದ ಆಕೃತಿಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಅಭ್ಯಾಸ, ರಸಾಯನಶಾಸ್ತ್ರದ ಅಣುವನ್ನು ಕಾಗದದ ಮೇಲೆ ಬರೆದು ಅದರ ಮೂರನೆಯ ಆಯಾಮವನ್ನು ಊಹಿಸುವ ಅಭ್ಯಾಸ, ಇವೆಲ್ಲ ಇದೇ ಜಾತಿಯ ದುಡಿಮೆಗಳು. ಆಕೃತಿಯನ್ನು ತಿರುಗಿಸಿ ತೋರಿಸುವ ಯಂತ್ರವು ವಿದ್ಯಾರ್ಥಿಯಿಂದ ಆ ದುಡಿಮೆಯನ್ನು ಕಿತ್ತುಕೊಂಡು, ಅದಕ್ಕೆ ಸೌಕರ್ಯವೆಂದು ಹೆಸರಿಡುತ್ತದೆ. ಮೊದಲ ಒಂದೆರಡು ದಿನಗಳಲ್ಲಿ ಊರುಗೋಲಾಗಿ ಅದು ಸಲ್ಲಬಹುದು. ನಿತ್ಯದ ಪದ್ಧತಿಯಾಗಿ ಸಲ್ಲದು.

ಯಂತ್ರವು ಶಾಲೆಯನ್ನು ಮಾರ್ಪಡಿಸುವುದೆಂಬ ಭವಿಷ್ಯವಾಣಿಯಾದರೂ ಹೊಸತೇ? 1913ರಲ್ಲಿ ಎಡಿಸನ್ ಮಹಾಶಯ, ಇನ್ನು ಶಾಲೆಗಳಲ್ಲಿ ಪುಸ್ತಕ ಬಳಕೆ ತಪ್ಪಿಹೋಗುವುದು, ಸಮಸ್ತ ಶಾಸ್ತ್ರಗಳನ್ನೂ ಚಲಚ್ಚಿತ್ರದಿಂದಲೇ ಕಲಿಸಬಹುದು, ಹತ್ತು ವರ್ಷಗಳಲ್ಲಿ ಶಾಲೆಯ ರೂಪವೇ ಬದಲಾಗುವುದು ಎಂದು ಸಾರಿದ. ಅದೇ ವರ್ಷ ಫಾಳಕೆಯವರ ‘ರಾಜಾ ಹರಿಶ್ಚಂದ್ರ’ ಮುಂಬಯಿಯಲ್ಲಿ ತೆರೆ ಕಂಡಿತು. ಎಡಿಸನ್ನನ ಮಾತು ನಿಜವಾಗಬೇಕಾಗಿದ್ದಲ್ಲಿ ಅದು ಮೊದಲು ನಿಜವಾಗಬೇಕಾಗಿದ್ದ ಊರು ಕೊಲ್ಲಾಪುರವೇ ಸರಿ. ಏಕೆಂದರೆ ಕೆಲವೇ ವರ್ಷಗಳಲ್ಲಿ ಅಲ್ಲಿಯ ಬಾಬುರಾವ್ ಪೇಂಟರರು ಹೊರದೇಶದ ಕ್ಯಾಮರಾಕ್ಕೆ ಕೈಯೊಡ್ಡದೆ ತಾವೇ ಒಂದನ್ನು ಕಟ್ಟಿ, ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. ಅವರ ಗರಡಿಯಲ್ಲಿ ಪಳಗಿದ ಶಾಂತಾರಾಮರು ಗೆಳೆಯರೊಡನೆ 1929ರಲ್ಲಿ ಅದೇ ಊರಿನಲ್ಲಿ ಪ್ರಭಾತ ಕಂಪನಿಯನ್ನು ತೆರೆದರು. ಚಲಚ್ಚಿತ್ರದ ಯಂತ್ರ, ಕುಶಲಿಗಳು, ಪ್ರೇಕ್ಷಕರ ಹುಚ್ಚು ಎಲ್ಲವೂ ಒಂದೇ ಊರಿನಲ್ಲಿ ಹರಳುಗಟ್ಟಿದ್ದವು. ಅದೇ ಊರಿನಲ್ಲಿ 1880ರಿಂದ ನಡೆದುಬಂದ ರಾಜಾರಾಮ ಕಾಲೇಜು ಇತ್ತು. ಕಾಲೇಜಿನ ಹುಡುಗರು ಸಂಜೆ ಥಿಯೇಟರಿಗೆ ಹೋಗಿರಬೇಕು, ಹೋಗದೆ ಇರುತ್ತಾರೆಯೇ; ಆದರೆ ಮರುದಿನ ಬೆಳಿಗ್ಗೆ ಅವರು ವ್ಯಾಕರಣವನ್ನೂ ಗಣಿತವನ್ನೂ ಪುಸ್ತಕದಿಂದಲೇ, ಗುರುಮುಖದಿಂದಲೇ ಕಲಿತರು. ಆ ಕಾಲದಲ್ಲಿ ಅಲ್ಲಿ ಅರ್ಧಮಾಗಧಿಯನ್ನು ಕಲಿಸುತ್ತಿದ್ದವರು ಸದಲಗಾದ ಕನ್ನಡಿಗ ಆ.ನೇ. ಉಪಾಧ್ಯೆಯವರು, 1930ರಲ್ಲಿ ಸೇರಿ ಮೂರು ದಶಕ ದುಡಿದವರು. ಸ್ವಾತಂತ್ರ್ಯಾನಂತರ ಕೆಲವು ವರ್ಷ ಪ್ರಾಂಶುಪಾಲರ ಪೀಠದಲ್ಲಿದ್ದವರು ವಿನಾಯಕ ಕೃಷ್ಣ ಗೋಕಾಕರು. ಇವರ ತರಗತಿಗೆ ಪ್ರಭಾತದ ಬೆಳಕು ಬೇಕಾಗಲಿಲ್ಲ.

ಆಮೇಲಿನ ಕತೆ ಇನ್ನೂ ಬೇಗನೆ ಹೇಳಿ ಮುಗಿಸತಕ್ಕದ್ದು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಶಿಕ್ಷಣದ ದೂರದರ್ಶನ ಬಂತು, ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೂ ಬಂತು; ವರ್ಷ ತುಂಬಿತು, ಉಪಗ್ರಹ ಹೋಯಿತು. 1984ರ ಸ್ವಾತಂತ್ರ್ಯದಿನದಂದು ಯು.ಜಿ.ಸಿ.ಯವರ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಆರಂಭವಾಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿ, ಮೊದಲ ಪ್ರಯೋಗಕ್ಕೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವನ್ನೂ ನಾಶಿಕದ ಯಶವಂತರಾವ ಚವ್ಹಾಣ ಮುಕ್ತ ವಿದ್ಯಾಪೀಠವನ್ನೂ ಆಯ್ದರು. 2010ರಲ್ಲಿ ಅದರ ಆಯುಷ್ಯ ಮುಗಿಯಿತು. ಪ್ರತಿಯೊಂದರಿಂದಲೂ ಏನೋ ಸ್ವಲ್ಪ ಉಪಕಾರವಾಯಿತು. ಘೋಷಿಸಿದ್ದು ಯಾವುದರಿಂದಲೂ ಆಗಲಿಲ್ಲ. ಹೆಡ್‌ಸೆಟ್ಟಿನ ವಂಶವೂ ಹಳೆಯದೇ. ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳದ ಭ್ರಮೆ ಹುಟ್ಟಿಸುವ ಯುಕ್ತಿಯನ್ನು ವೀಟ್‌ಸ್ಟನ್ 1838ರಲ್ಲಿಯೇ ಪ್ರಕಟಿಸಿದ್ದ. ಮಾರ್ಟನ್ ಹೈಲಿಗ್ ಎಂಬಾತ 1962ರಲ್ಲಿ, ಎಂದರೆ ಕೊಲ್ಲಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಉದ್ಘಾಟನೆಗೊಂಡ ವರ್ಷವೇ, ಸೆನ್ಸೋರಮಾ ಎಂಬ ಪೆಟ್ಟಿಗೆಗೆ ಪೇಟೆಂಟು ಪಡೆದಿದ್ದ. ಅದರಲ್ಲಿ ಗಾಳಿ ಬೀಸುತ್ತಿತ್ತು, ಬೀದಿಯ ವಾಸನೆಯೂ ಬರುತ್ತಿತ್ತು. ಇಂದಿನವುಗಳಲ್ಲಿ ಅಷ್ಟೂ ಇಲ್ಲ, ಘನಸಾಳದ ಪರಿಮಳದ ಮೇಲೆ ಸಸ್ಯಶಾಸ್ತ್ರದ ಪಾಠ ಹೇಳಬೇಕೆಂದರೆ ಅಕ್ಕಿಯನ್ನೇ ಬೇಯಿಸಬೇಕು. ಇವುಗಳ ಆಯುಷ್ಯವೂ ಅಲ್ಪ. ರಟ್ಟಿನ ಪೆಟ್ಟಿಗೆಯಲ್ಲಿ ಮೊಬೈಲ್ ಸಿಕ್ಕಿಸಿ ನೋಡುವ ಗೂಗಲ್ ಕಾರ್ಡ್‌ಬೋರ್ಡ್ 2014ರಲ್ಲಿ ಬಂದು, ಶಾಲೆಗಳನ್ನು ಲೋಕಸಂಚಾರಕ್ಕೆ ಕರೆದೊಯ್ಯುವ ಎಕ್ಸ್‌ಪೆಡಿಷನ್ಸ್ ಅದರ ಮರುವರ್ಷ ಬಂದು, 2021ರಲ್ಲಿ ಎರಡೂ ನಿಂತುಹೋದವು. ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2016ರಲ್ಲಿ ಬಂತು, 2024ರಲ್ಲಿ ಅದರ ತಯಾರಿಕೆ ನಿಂತಿತು. ಅದೇ 2024ರಲ್ಲಿ ಆಪಲ್ ಕಂಪನಿ 3,499 ಡಾಲರಿಗೆ ಮತ್ತೊಂದನ್ನು ಮಾರುಕಟ್ಟೆಗೆ ತಂದಿತು. ಹಾಳೆ ಹಳದಿಯಾದರೂ ಪುಸ್ತಕವನ್ನು ಓದಬಹುದು. ಕಂಪನಿ ಕೈಬಿಟ್ಟ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು, ಸ್ಟಾಕ್ ರಿಜಿಸ್ಟರಿನಲ್ಲಿ ವರ್ಷಕ್ಕೊಮ್ಮೆ ಎಣಿಸಬಹುದು.

ಇನ್ನು, ಹಳ್ಳಿಯ ವಿದ್ಯಾರ್ಥಿಗೆ ನೋಡಲು ಏನೂ ಇಲ್ಲವೆಂಬ ಮಾತು. ನನಗೆ ಅತ್ಯಂತ ಅಸಹ್ಯವಾಗಿ ತೋರುವುದು ಇದೇ. ನದಿಗೆ ಅಡ್ಡಲಾಗಿ ಕಲ್ಲಿನ ಕಂಬಗಳ ಸಾಲನ್ನು ಕಟ್ಟಿ, ಆ ಕಂಬಗಳಲ್ಲಿ ಕೊರೆದ ತೋಡುಗಳಲ್ಲಿ, ಮರಾಠಿಯಲ್ಲಿ ಬರಗೆ ಎನ್ನುವ ಹಲಗೆಗಳನ್ನು ಮಳೆಗಾಲ ಮುಗಿದ ಮೇಲೆ ಇಳಿಸಿ ನೀರನ್ನು ತಡೆಹಿಡಿಯುವ, ಮತ್ತೆ ಮಳೆಗಾಲಕ್ಕೆ ಮುನ್ನ ಅವನ್ನು ತೆಗೆದು ಪ್ರವಾಹಕ್ಕೂ ಹೂಳಿಗೂ ದಾರಿ ಬಿಡುವ ಬಂಧಾರೆಯು ಭಾರತದ ನೀರಾವರಿ ಎಂಜಿನಿಯರರಿಗೆಲ್ಲ ಕೆ.ಟಿ. ವಿಯರ್ ಎಂದು ಪರಿಚಿತ, ಕೆ.ಟಿ. ಎಂದರೆ ಕೊಲ್ಲಾಪುರ ಮಾದರಿ ಎಂದೇ ಅರ್ಥ. ಪಠ್ಯಪುಸ್ತಕದಲ್ಲಿ ಅಧ್ಯಾಯವಾಗಿರುವ ಈ ರಚನೆಯ ಮೇಲೆ ನಡೆದುಕೊಂಡೇ ಆಜರಾ, ಗಡಹಿಂಗ್ಲಜಗಳ ಎಷ್ಟೋ ಮಕ್ಕಳು ಕಾಲೇಜಿಗೆ ಬರುತ್ತಾರೆ. ಒಂದೊಂದು ಹಲಗೆಯ ಮೇಲೆ ನೀರಿನ ಒತ್ತಡವೆಷ್ಟು, ಆಳ ಹೆಚ್ಚಿದಂತೆ ಅದು ಹೇಗೆ ಏರುತ್ತದೆ, ಕೆಳಗಿನ ಹಲಗೆಯನ್ನು ಎತ್ತುವುದು ಮೇಲಿನದಕ್ಕಿಂತ ಕಠಿಣವೇಕೆ, ಸಂದಿಗಳಿಂದ ನೀರು ಸೋರಿಹೋಗದಂತೆ ಊರವರು ಏನು ಮಾಡುತ್ತಾರೆ, ಅಕ್ಟೋಬರಿನಲ್ಲಿ ಹಲಗೆ ಇಳಿಸುವುದು ಒಂದು ವಾರ ತಡವಾದರೆ ಬೇಸಗೆಯಲ್ಲಿ ಕಬ್ಬಿಗೆ ಎಷ್ಟು ಪಾಳಿಯ ನೀರು ತಪ್ಪುತ್ತದೆ, ಮೇಲಿನ ಊರು ನೀರು ಹಿಡಿದರೆ ಕೆಳಗಿನ ಊರಿನೊಡನೆ ಏನು ಜಗಳವಾಗುತ್ತದೆ: ಭೌತಶಾಸ್ತ್ರದಿಂದ ತೊಡಗಿ ರಾಜ್ಯಶಾಸ್ತ್ರದವರೆಗಿನ ಪಾಠ ಆ ಕಲ್ಲುಕಂಬಗಳ ನಡುವೆ ಇದೆ. ಹಲಗೆ ಎತ್ತುವ ದಿನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು, ಹಲಗೆಗೆ ಕೈಹಚ್ಚಿಸಿದ ಪ್ರಾಧ್ಯಾಪಕನು ಒತ್ತಡವೆಂದರೇನೆಂದು ಮತ್ತೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆ ಬಂಧಾರೆಯನ್ನು ಮುನ್ನೂರ ಅರುವತ್ತು ಡಿಗ್ರಿಯ ಕ್ಯಾಮರಾದಲ್ಲಿ ಚಿತ್ರೀಕರಿಸಿ, ಅದನ್ನು ದಿನವೂ ದಾಟುವ ಹುಡುಗನಿಗೆ ಕತ್ತಲೆ ಕೋಣೆಯಲ್ಲಿ ತೋರಿಸುವುದನ್ನು ಪ್ರಗತಿಯೆನ್ನಲು ನನ್ನ ನಾಲಗೆ ಹೊರಳದು.

ಇದೇ ಜಿಲ್ಲೆಯ ಇಚಲಕರಂಜಿಯ ಮಾತೂ ಹೀಗೆಯೇ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ವಿದ್ಯುತ್‌ಮಗ್ಗವನ್ನು ಹೂಡಿದಂದಿನಿಂದ ಬೆಳೆದುಬಂದ ನೇಕಾರಿಕೆಯ ನಗರ ಅದು. 1982ರಲ್ಲಿ ಆರಂಭವಾದ ಡಿ.ಕೆ.ಟಿ.ಇ. ಜವಳಿ ತಂತ್ರವಿದ್ಯಾ ಸಂಸ್ಥೆ ಆ ಮಗ್ಗಗಳ ಸದ್ದಿನ ನಡುವೆಯೇ ಇದೆ. ಹಾಸಿನ ಎಳೆಯೊಂದು ಹರಿದುದನ್ನು ಮಗ್ಗದ ಸಪ್ಪಳದಲ್ಲಾದ ಕಿಂಚಿತ್ ವ್ಯತ್ಯಾಸದಿಂದಲೇ ಅರಿತು, ಲಾಳಿ ನಿಲ್ಲುವಷ್ಟರಲ್ಲಿ ಬೆರಳ ತುದಿಯಿಂದ ಗಂಟು ಹಾಕುವ ನೇಕಾರನ ಜ್ಞಾನವು ಅವನ ಪಕ್ಕದಲ್ಲಿ ನಿಂತವನಿಗಲ್ಲದೆ ದೊರೆಯದು. ಎಳೆಯ ಬಿಗುವು ಬೆರಳಿಗೆ ತಿಳಿಯುವ ವಿಷಯ. ಹೆಡ್‌ಸೆಟ್ಟಿನ ಎಳೆಗೆ ಬಿಗುವಿಲ್ಲ. ಪ್ರಾಣಿಶಾಸ್ತ್ರದವರಿಗೋ, ಈ ಶತಮಾನದ ಆರಂಭದಿಂದ ಕರ್ನಾಟಕದ ಕಾಡುಗಳನ್ನು ಬಿಟ್ಟು ಚಂದಗಡ, ಆಜರಾಗಳತ್ತ ಬರತೊಡಗಿದ ಕಾಡಾನೆಗಳು ತುಳಿದ ಗದ್ದೆಗಳೇ ಇವೆ. 2020ರ ಲಾಕ್‌ಡೌನಿನಲ್ಲಿ ಮೊಬೈಲಿನ ಆಗ್ಮೆಂಟೆಡ್ ರಿಯಾಲಿಟಿಯ ಹುಲಿಯನ್ನು ನಡುಮನೆಯಲ್ಲಿ ನಿಲ್ಲಿಸಿಕೊಂಡು ಚಿತ್ರ ತೆಗೆಸಿಕೊಂಡವರು ಹುಲಿಯ ವಿಷಯವಾಗಿ ಏನು ಕಲಿತರೋ ನಾನರಿಯೆ. ಆನೆಯ ಹೆಜ್ಜೆಯ ಸುತ್ತಳತೆಯನ್ನು ಟೇಪು ಹಿಡಿದು ಅಳೆದು, ಭುಜದೆತ್ತರ ಅದರ ಹೆಚ್ಚುಕಡಿಮೆ ಎರಡರಷ್ಟೆಂಬ ಸೂತ್ರದಿಂದ ಆ ಕಾಣದ ಪ್ರಾಣಿಯನ್ನು ಲೆಕ್ಕಹಾಕಿದ ವಿದ್ಯಾರ್ಥಿ ಏನು ಕಲಿತನೆಂಬುದು ಸ್ಪಷ್ಟ.

ಮಾನವಿಕ ಶಾಸ್ತ್ರಗಳಲ್ಲಿ ಈ ಮೋಹ ಇನ್ನೂ ನಗೆಪಾಟಲಿನದು. ಶಿರೋಳ ತಾಲೂಕಿನ ಖಿದ್ರಾಪುರದಲ್ಲಿ, ಕೃಷ್ಣೆಯ ದಂಡೆಯಲ್ಲಿ, ಕೊಪ್ಪೇಶ್ವರನ ದೇಗುಲವಿದೆ. ನಲವತ್ತೆಂಟು ಕಂಬಗಳ ಅದರ ಸ್ವರ್ಗಮಂಟಪದ ನಡುನೆತ್ತಿ ವೃತ್ತಾಕಾರವಾಗಿ ಆಕಾಶಕ್ಕೆ ತೆರೆದಿದೆ. ಯಾದವ ಸಿಂಘಣನ ಸಂಸ್ಕೃತ ಶಾಸನದ ಜೊತೆಗೆ ಕನ್ನಡ ಶಾಸನಗಳೂ ಅಲ್ಲಿವೆ. ಇದನ್ನು ವರ್ಚುವಲ್ ಪ್ರವಾಸವನ್ನಾಗಿಸಬೇಕೆಂಬ ಸಲಹೆಯನ್ನು ಕೇಳಿದಾಗಲೆಲ್ಲ ನನಗೆ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ.ಜಿ. ಕುಂದಣಗಾರರ ನೆನಪಾಗುತ್ತದೆ. ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಊರೂರು ಅಲೆದು ಕಲೆಹಾಕಿ ಅವರು 1939ರಲ್ಲಿ ಪ್ರಕಟಿಸಿದರು. ಶಾಸನವೊಂದರ ಪಡಿಯಚ್ಚು ತೆಗೆಯುವುದೆಂದರೆ ಕಲ್ಲನ್ನು ತೊಳೆದು, ಅಕ್ಷರದ ಸಂದಿಗಳಲ್ಲಿ ಕೂತ ಮಣ್ಣನ್ನೂ ಎಣ್ಣೆಯ ಜಿಡ್ಡನ್ನೂ ಬ್ರಷ್ಷಿನಿಂದ ಉಜ್ಜಿ, ತೋಯಿಸಿದ ಕಾಗದವನ್ನು ಹೊದಿಸಿ, ಅದು ಪ್ರತಿಯೊಂದು ತಗ್ಗಿಗೂ ಇಳಿಯುವಂತೆ ಬಡಿದು, ಅರೆಯೊಣಗಿದ ಹದದಲ್ಲಿ ಮಸಿಯ ಒತ್ತುಗೆಯನ್ನು ಮೆಲ್ಲಮೆಲ್ಲನೆ ತಟ್ಟುವುದು. ಹದ ತಪ್ಪಿದರೆ ಕಾಗದ ಹರಿಯುತ್ತದೆ, ಮಸಿ ಹೆಚ್ಚಿದರೆ ಅಕ್ಷರ ಮುಳುಗುತ್ತದೆ. ಎಲ್ಲ ಸರಿಯಾದ ಮೇಲೂ ಒಂದು ಅಕ್ಷರ ‘ಪ’ವೋ ‘ಷ’ವೋ ಎಂದು ತಿಳಿಯದೆ ಗಂಟೆಗಟ್ಟಲೆ ಕುಳಿತಿರಬೇಕಾದುದುಂಟು, ಬೆಳಕು ಓರೆಯಾಗುವ ಸಂಜೆಯವರೆಗೆ ಕಾದು ಬೆರಳಾಡಿಸಿ ನೋಡಬೇಕಾದುದುಂಟು. ಆ ತೊಡಕಿನ ಗಂಟೆಗಳೇ ಶಾಸನಶಾಸ್ತ್ರದ ಶಿಕ್ಷಣ. ಕುಂದಣಗಾರರು 1961ರಲ್ಲಿ ಗದುಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಏರಿದ್ದು ಇಂತಹ ದುಡಿಮೆಯ ಬಲದಿಂದ. ಹೆಡ್‌ಸೆಟ್ಟು ತೋರುವ ಖಿದ್ರಾಪುರದಲ್ಲಿ ಬೆಳಕು ಸದಾ ಒಂದೇ ಕಡೆಯಿಂದ, ಅಕ್ಷರಗಳು ಸದಾ ಒಂದೇ ಸ್ಪಷ್ಟತೆಯಲ್ಲಿ. ಚಿತ್ರ ತೆಗೆದವನ ಕಣ್ಣಿಗೆ ಬೀಳದ ಶಾಸನ ಅಲ್ಲಿ ಇಲ್ಲವೇ ಇಲ್ಲ. ಸಂಶೋಧನೆಗೆ ಅಲ್ಲಿ ಎಡೆಯಿಲ್ಲ, ಏಕೆಂದರೆ ಇಟ್ಟವನು ಇಟ್ಟಿದ್ದನ್ನಷ್ಟೇ ಅಲ್ಲಿ ಕಾಣಬಹುದು.

ಸಮಾನತೆಯ ವಾದಕ್ಕೆ ಬರೋಣ. ಪೂರ್ವಪಕ್ಷದಲ್ಲಿ ಗೌರವಿಸತಕ್ಕ ಮಾತು ಇದೊಂದೇ. ಪ್ರಯೋಗಶಾಲೆಯಿಲ್ಲದವನಿಗೆ ಅದರ ಬಿಂಬವಾದರೂ ದೊರೆಯಲಿ ಎಂಬಲ್ಲಿ ಕರುಣೆಯಿದೆ, ಸಂದೇಹವಿಲ್ಲ. ಆದರೆ ಪಟ್ಟಣದವನಿಗೆ ಬ್ಯುರೆಟ್ಟು, ಹಳ್ಳಿಯವನಿಗೆ ಬ್ಯುರೆಟ್ಟಿನ ಬಿಂಬ ಎಂಬ ವ್ಯವಸ್ಥೆಯನ್ನು ಸಮಾನತೆಯೆಂದು ಕರೆಯುವುದು ಹೇಗೆ? ಗಾಜಿನ ಬ್ಯುರೆಟ್ಟು, ಪಿಪೆಟ್ಟು, ಒಂದಿಷ್ಟು ಆಮ್ಲ ಕ್ಷಾರಗಳು, ಇವುಗಳ ಬೆಲೆ ಹೆಡ್‌ಸೆಟ್ಟಿನ ಬೆಲೆಗೆ ಎಷ್ಟರದು! ಬಿಂಬವು ಅಗ್ಗವಲ್ಲ, ಬಿಂಬಕ್ಕೆ ಅನುದಾನ ಸಿಗುತ್ತದೆ, ಬ್ಯುರೆಟ್ಟಿಗೆ ಸಿಗುವುದಿಲ್ಲ, ಭೇದ ಇರುವುದು ಅಲ್ಲಿ. ಬ್ಯುರೆಟ್ಟಿನ ಚಿತ್ರ ಪತ್ರಿಕೆಯಲ್ಲಿ ಬರುವುದಿಲ್ಲ. ಹೆಡ್‌ಸೆಟ್ ತೊಟ್ಟ ಮಂತ್ರಿಗಳ ಚಿತ್ರ ಬರುತ್ತದೆ. ಹಳ್ಳಿಯ ಮಕ್ಕಳು ವಿದ್ಯೆಯಿಂದ ಏಕೆ ದೂರವಾಗಿದ್ದಾರೆಂಬ ಪ್ರಶ್ನೆಯನ್ನು ಈ ನಾಡಿನಲ್ಲಿ ನಿಜವಾಗಿ ಕೇಳಿಕೊಂಡವರು ಕೊಲ್ಲಾಪುರದ ಶಾಹು ಮಹಾರಾಜರು. ಅವರಿಗೆ ಸಿಕ್ಕ ಉತ್ತರ, ಊರಿಂದ ಬಂದ ಹುಡುಗನಿಗೆ ಪಟ್ಟಣದಲ್ಲಿ ಉಳಿಯಲು ಕೋಣೆಯಿಲ್ಲ, ಉಣ್ಣಲು ಅನ್ನವಿಲ್ಲ, ಜಾತಿಯ ದೆಸೆಯಿಂದ ಯಾರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು. 1901ರಿಂದ ಆ ದಶಕದುದ್ದಕ್ಕೂ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರೆನಿಸಿದವರಿಗೆ ಒಂದೊಂದಾಗಿ ಬೋರ್ಡಿಂಗುಗಳು ಎದ್ದವು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವೂ ಉಚಿತವೂ ಆಯಿತು. ಇಚಲಕರಂಜಿಗೆ ಅನತಿದೂರದ ಕುಂಭೋಜದಲ್ಲಿ ಹುಟ್ಟಿದ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಹುಡುಗರು ದುಡಿದು ಕಲಿಯುವ ದಾರಿಯನ್ನು ತೆರೆದರು. ಚದುರಿದ ಚಿತ್ತಕ್ಕೆ ಇವರು ಕಂಡುಕೊಂಡ ಮದ್ದು ಚಾವಣಿ, ರೊಟ್ಟಿ, ದೀಪ ಮತ್ತು ಸದಾ ಕೈಗೆ ಸಿಕ್ಕುವ ಒಬ್ಬ ಮೇಷ್ಟ್ರು. ಇಂದಿನ ಪದಗಳಲ್ಲಿ ಅದನ್ನೇ ಹೇಳುವುದಾದರೆ, ಕಾಲೇಜಿನ ವೇಳೆಗೆ ತಕ್ಕ ಎಸ್.ಟಿ. ಬಸ್ಸು, ಹೆಣ್ಣುಮಕ್ಕಳಿಗೆ ವಸತಿಗೃಹ, ರಾತ್ರಿ ತೆರೆದಿರುವ ಗ್ರಂಥಾಲಯ, ಕಾಯಂ ಪ್ರಾಧ್ಯಾಪಕ. ಇವನ್ನು ಮಾಡದೆ ಹೆಡ್‌ಸೆಟ್ ಕೊಂಡವರು ಶಾಹುವಿನ ಹೆಸರನ್ನು ಭಾಷಣದಲ್ಲಿ ಎತ್ತದಿದ್ದರೆ ಒಳ್ಳೆಯದು.

ಒಪ್ಪಿಕೊಳ್ಳಬೇಕಾದುದನ್ನು ಒಪ್ಪಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದೆ. ತಪ್ಪಿದರೆ ಪ್ರಾಣಹಾನಿಯಾಗುವಂತಹ, ಕೈಯೂ ಕಣ್ಣೂ ಒಂದಾಗಿ ಪಳಗಬೇಕಾದ ವಿದ್ಯೆಗಳಲ್ಲಿ ಅನುಕರಣ ಯಂತ್ರಕ್ಕೆ ಸ್ಥಾನವಿದೆ. ಎಡ್ವಿನ್ ಲಿಂಕ್ 1929ರಲ್ಲಿ ಕಟ್ಟಿದ ವಿಮಾನದ ಮಾದರಿಪೆಟ್ಟಿಗೆಯಲ್ಲಿ ಕುಳಿತು ಕಲಿತ ಚಾಲಕರು ಅಸಂಖ್ಯಾತರು. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ, ಪಿತ್ತಕೋಶದ ಶಸ್ತ್ರಕ್ರಿಯೆಗೆ ವರ್ಚುವಲ್ ರಿಯಾಲಿಟಿಯಲ್ಲಿ ತರಬೇತಿ ಪಡೆದ ಕಿರಿಯ ವೈದ್ಯರು ಇತರರಿಗಿಂತ ಶೇಕಡಾ 29ರಷ್ಟು ಬೇಗನೆ, ಬಹಳ ಕಡಿಮೆ ತಪ್ಪುಗಳೊಡನೆ ಕೆಲಸ ಮುಗಿಸಿದರು. ಅಲ್ಲಿ ಕಲಿಯುವವನು ಪ್ರೇಕ್ಷಕನಲ್ಲ. ಅವನು ಕತ್ತರಿಸುತ್ತಾನೆ, ತಪ್ಪುತ್ತಾನೆ, ಮತ್ತೆ ಕತ್ತರಿಸುತ್ತಾನೆ, ಮತ್ತು ಪಕ್ಕದಲ್ಲಿ ಗುರುವಿದ್ದಾನೆ. ವೈದ್ಯಕೀಯ ಕಾಲೇಜುಗಳು ಅದನ್ನು ಕೊಳ್ಳಲಿ, ಹೈಟೆನ್ಷನ್ ವಿದ್ಯುತ್ ಕಂಬ ಹತ್ತಬೇಕಾದವರನ್ನು ತರಬೇತುಗೊಳಿಸುವ ಸಂಸ್ಥೆಗಳು ಕೊಳ್ಳಲಿ, ನನ್ನ ತಕರಾರಿಲ್ಲ. ನಡೆಯಲಾರದ ವಿದ್ಯಾರ್ಥಿಗೆ ಖಿದ್ರಾಪುರವನ್ನು ಅದು ತೋರಿಸುವುದಾದರೆ ಅದಕ್ಕೂ ನನ್ನ ಸಮ್ಮತಿಯಿದೆ. ಇಷ್ಟನ್ನು ಹಿಡಿದುಕೊಂಡು, ಅದೇ ಯುಕ್ತಿಯಿಂದ ಬಿ.ಎ., ಬಿ.ಕಾಂ. ತರಗತಿಗಳ ಹಾಜರಿ ಹೆಚ್ಚಿಸುತ್ತೇವೆಂದು ಹೊರಡುವುದು ಬೇರೆ ಮಾತು. ಮುಂದಿನ ಉದ್ಯೋಗಗಳಿಗೆ ಇದು ಬೇಕೆನ್ನುವವರಿಗೂ ಒಂದು ಮಾತು: ಹೆಡ್‌ಸೆಟ್ಟಿಗೆ ಚಿತ್ರ ಹೆಣೆಯುವ ಉದ್ಯೋಗಕ್ಕೆ ಬೇಕಾದುದು ತ್ರಿಕೋನಮಿತಿ, ಪ್ರೋಗ್ರಾಮಿಂಗು, ಚಿತ್ರಕಲೆ, ಹೆಡ್‌ಸೆಟ್ ತೊಟ್ಟು ಕುಳಿತುಕೊಳ್ಳುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಇಷ್ಟಾದರೂ ಪ್ರತಿಪಾದಕರು ಒಪ್ಪರೆಂದಾದರೆ ಒಂದು ಪರೀಕ್ಷೆಗೆ ಅವರನ್ನು ಆಹ್ವಾನಿಸುತ್ತೇನೆ. ಕೆ.ಟಿ. ಬಂಧಾರೆಯನ್ನೇ ವಿಷಯವಾಗಿ ಇಟ್ಟುಕೊಳ್ಳಲಿ. ಗಡಹಿಂಗ್ಲಜದ ಒಂದು ತರಗತಿಯ ಅರ್ಧ ಮಂದಿಗೆ ಅವರು ತಮ್ಮ ಪೆಟ್ಟಿಗೆಯಲ್ಲಿ ಅದನ್ನು ತೋರಿಸಲಿ. ಉಳಿದರ್ಧ ಮಂದಿಯನ್ನು ಒಬ್ಬ ಪ್ರಾಧ್ಯಾಪಕ ಹಲಗೆ ಇಳಿಸುವ ದಿನ ಹೊಳೆಗೆ ಕರೆದೊಯ್ದು, ಬಂದ ಮೇಲೆ ಎರಡು ಪುಟ ಬರೆಯಿಸಲಿ. ಅಂದೇ ಸಂಜೆ ನಗುಮುಖಗಳ ಸಮೀಕ್ಷೆ ಬೇಡ. ಒಂದು ತಿಂಗಳ ಮೇಲೆ ಪರೀಕ್ಷೆ ನಡೆಸಿ, ಎರಡೂ ಗುಂಪಿನ ಅಂಕಗಳನ್ನು, ಎರಡಕ್ಕೂ ತಗುಲಿದ ಖರ್ಚನ್ನು, ನ್ಯಾಕ್ ವರದಿಯ ಒಂದೇ ಪುಟದಲ್ಲಿ ಮುದ್ರಿಸಲಿ. ಪ್ರಶ್ನಪತ್ರಿಕೆಯನ್ನು ಸಿ.ಎಚ್.ಬಿ. ಪ್ರಾಧ್ಯಾಪಕರೇ ತಯಾರಿಸಲಿ, ಉತ್ತರಗಳನ್ನು ಅವರೇ ತಿದ್ದಲಿ. ಆ ತಾಸುಗಳಿಗೂ ಅವರಿಗೆ ಸಂಭಾವನೆ ಸಲ್ಲಲಿ, ಮತ್ತು ಅದು ಅದೇ ತಿಂಗಳು ಕೈಗೆ ಬರಲಿ.